ಜಗಳಕ್ಕೆ ಕಾರಣ ಭಾಷೆಯೋ, ಸ್ವಭಾವವೋ?

ಕಾಸರಗೋಡಿನ ಯಾವುದೇ ಕಚೇರಿಯಲ್ಲಿ ಇಬ್ಬರು ಮಾತು ಬಿಟ್ಟರೆಂದರೆ ಕಾರಣ ಹುಡುಕಲು ಯಾರೂ ದೂರ ಹೋಗುವುದಿಲ್ಲ. ಒಬ್ಬರು ಕನ್ನಡದವರು, ಇನ್ನೊಬ್ಬರು ಮಲಯಾಳದವರು. ಅಥವಾ ಒಬ್ಬರು ಇಲ್ಲಿಯವರು, ಇನ್ನೊಬ್ಬರು ಕೊಲ್ಲಂನಿಂದಲೋ ಕೋಟ್ಟಯದಿಂದಲೋ ವರ್ಗವಾಗಿ ಬಂದವರು. ಅಷ್ಟು ತಿಳಿದರೆ ಸಾಕು, ಉಳಿದುದನ್ನು ಕೇಳುವ ಅಗತ್ಯವೇ ಇಲ್ಲವೆಂಬಂತೆ ತೀರ್ಪು ಹೊರಬೀಳುತ್ತದೆ. 1956ರ ವರೆಗೆ ದಕ್ಷಿಣ ಕನ್ನಡದ ತಾಲೂಕಾಗಿದ್ದು, ಕೇರಳಕ್ಕೆ ಸೇರಿದ ಮೇಲೆ ಕಣ್ಣೂರು ಜಿಲ್ಲೆಯ ಭಾಗವಾಗಿ, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾದ ನೆಲ ಇದು. ಭಾಷೆಯ ವಿಷಯ ಬಂದಾಗ ಇಲ್ಲಿನವರ ಮನಸ್ಸು ಬೇಗ ನೋಯುವುದಕ್ಕೆ ಚರಿತ್ರೆಯಲ್ಲಿ ಕಾರಣಗಳಿವೆ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಂದು ಎಣಿಸಿ ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯಲ್ಲಿ ಹೆಮ್ಮೆಪಡುವ ನಾವೇ, ಕೆಲಸದ ಜಾಗದ ಸಣ್ಣ ಮುನಿಸಿಗೂ ಆ ಭಾಷೆಗಳಲ್ಲಿ ಒಂದನ್ನು ಹೊಣೆ ಮಾಡುತ್ತೇವೆ.

ನಾನು ಕಲಿಸುವ ಶಾಲೆಯಲ್ಲಿ ಕನ್ನಡ, ಮಲಯಾಳ ಎರಡೂ ವಿಭಾಗಗಳಿವೆ. ತರಗತಿಗಳು ಬೇರೆಯಾದರೂ ಸ್ಟಾಫ್ ರೂಮ್ ಒಂದೇ. ಅಲ್ಲಿ ಪ್ರತಿ ವರ್ಷ ಕಲೋತ್ಸವದ ಹೊತ್ತಿಗೆ ಬಿಸಿಯೇರುತ್ತದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ನಮ್ಮ ಕಡೆಯ ಶಾಲೆಗಳಿಗೆ ಅದು ಮಾನದ ಪ್ರಶ್ನೆ. ನಮ್ಮಲ್ಲಿ ಯಕ್ಷಗಾನದ ತಂಡವನ್ನು ಕಟ್ಟುವವರು ಕನ್ನಡ ವಿಭಾಗದ ಒಬ್ಬ ಮಾಸ್ಟ್ರು. ಭಾಗವತರು ಎಷ್ಟು ಹೊತ್ತಿಗೆ ಬರುತ್ತಾರೆ, ಚೆಂಡೆ ಮದ್ದಳೆಗೆ ಯಾರು, ವೇಷಭೂಷಣ ಯಾರಿಂದ ಬಾಡಿಗೆಗೆ, ಯಾವ ಹುಡುಗನಿಗೆ ಬಣ್ಣ ಹಚ್ಚಲು ಎಷ್ಟು ಹೊತ್ತು ಬೇಕು, ಇವೆಲ್ಲವೂ ಅವರ ತಲೆಯಲ್ಲಿರುತ್ತವೆ. ಕಾಗದದ ಮೇಲೆ ಒಂದಕ್ಷರವೂ ಇರುವುದಿಲ್ಲ. ಒಂದು ವರ್ಷ ಕಲೋತ್ಸವದ ಸಂಚಾಲಕರಾಗಿದ್ದವರು ಮಲಯಾಳ ವಿಭಾಗದ ಒಬ್ಬ ಟೀಚರ್, ತೆಂಕಣ ಜಿಲ್ಲೆಯವರು. ಅವರಿಗೆ ಎಲ್ಲವೂ ಮೊದಲೇ, ಬರಹದಲ್ಲಿ ಬೇಕು. ಮಕ್ಕಳ ಪಟ್ಟಿ, ವಾಹನದ ಸಮಯ, ಮುಂಗಡದ ಮೊತ್ತ, ಜೊತೆಗೆ ಹೋಗುವ ಅಧ್ಯಾಪಕರ ಹೆಸರು. ಕೇಳಿದಾಗಲೆಲ್ಲ ಮಾಸ್ಟ್ರು, "ಎಲ್ಲ ಆಗುತ್ತದೆ ಟೀಚರೇ, ನೀವು ತಲೆಬಿಸಿ ಮಾಡಿಕೊಳ್ಳಬೇಡಿ" ಎನ್ನುತ್ತಿದ್ದರು. ಅವರ ಮಟ್ಟಿಗೆ ಅದು ಧೈರ್ಯದ ಮಾತು. ಟೀಚರ್‌ಗೆ ಅದು ತನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಮಾತಾಗಿ ಕೇಳಿಸಿತು. ಕೊನೆಗೆ ಅವರು ಶಾಲೆಯ ವಾಟ್ಸಾಪ್ ಗುಂಪಿನಲ್ಲಿ, ಪಟ್ಟಿ ಇನ್ನೂ ಸಿಗದ ತಂಡ ಇದೊಂದೇ ಎಂದು ಬರೆದರು. ಮಾಸ್ಟ್ರಿಗೆ ಎಲ್ಲರೆದುರು ಕಟಕಟೆಯಲ್ಲಿ ನಿಲ್ಲಿಸಿದಂತಾಯಿತು. ಇಬ್ಬರ ನಡುವೆ ಮಾತು ನಿಂತಿತು.

ಆಮೇಲೆ ಮಾತನಾಡಿದವರು ಉಳಿದವರು. "ನಮ್ಮ ವಿಭಾಗವೆಂದರೆ ಅವರಿಗೆ ಸದಾ ಅಸಡ್ಡೆ" ಎಂದು ಈ ಕಡೆ. "ಕನ್ನಡದವರಿಗೆ ಯಾವುದಕ್ಕೂ ಒಂದು ಕ್ರಮ ಇಲ್ಲ" ಎಂದು ಆ ಕಡೆ. ಯಕ್ಷಗಾನದ ತಂಡ ಸಮಯಕ್ಕೆ ಸರಿಯಾಗಿ ರಂಗಕ್ಕೇರಿತು, ಮಕ್ಕಳು ಚೆನ್ನಾಗಿ ಕುಣಿದರು. ಆದರೂ ಸ್ಟಾಫ್ ರೂಮಿನಲ್ಲಿ ಕುರ್ಚಿಗಳು ಎರಡು ಸಾಲಾದವು.

ನಮ್ಮ ಹೈಯರ್ ಸೆಕೆಂಡರಿ ವಿಭಾಗದಲ್ಲಿ ಮನಶ್ಶಾಸ್ತ್ರ ಓದಿದ ಸಹೋದ್ಯೋಗಿಯೊಬ್ಬರಿದ್ದಾರೆ. ಒಂದು ಶನಿವಾರ ಎಲ್ಲರೂ ಕೂತು ವ್ಯಕ್ತಿತ್ವದ ಪ್ರಶ್ನಾವಳಿ ತುಂಬೋಣ ಎಂದು ಅವರು ಹೇಳಿದಾಗ ಹೆಚ್ಚಿನವರಿಗೆ ಅದು ಪತ್ರಿಕೆಯ ವಾರಭವಿಷ್ಯದ ಹಾಗೆ ಕಂಡಿತು. ಆ ಸಂಶಯ ಅನ್ಯಾಯದ್ದಲ್ಲ, ಅದಕ್ಕೆ ಆಧಾರವಿದೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಕೆಲವು ದಿನಗಳ ನಂತರ ಒಬ್ಬೊಬ್ಬರಿಗೂ ಅವರವರ ಸ್ವಭಾವದ ವಿವರಣೆ ಎಂದು ಒಂದೊಂದು ಹಾಳೆ ಹಂಚಿದ. ಅದು ನಿಮಗೆ ಎಷ್ಟು ಹೊಂದುತ್ತದೆ ಎಂದು ಸೊನ್ನೆಯಿಂದ 5ರ ವರೆಗೆ ಅಂಕ ಕೊಡಲು ಹೇಳಿದ. ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲಿ ಇದ್ದದ್ದು ಒಂದೇ ಬರಹ. ಅದರ ಹೆಚ್ಚಿನ ಸಾಲುಗಳನ್ನು ಆತ ಎತ್ತಿಕೊಂಡದ್ದು ಅಂಗಡಿಯಲ್ಲಿ ಸಿಗುವ ಒಂದು ಜ್ಯೋತಿಷ್ಯದ ಪುಸ್ತಕದಿಂದ. ನಿಮ್ಮಲ್ಲಿ ಇನ್ನೂ ಬಳಕೆಯಾಗದ ಶಕ್ತಿ ಇದೆ, ಹೊರಗೆ ಶಿಸ್ತಿನಿಂದ ಕಂಡರೂ ಒಳಗೆ ಅಳುಕಿದೆ ಎಂದು ಯಾರಿಗೆ ಹೇಳಿದರೂ ಅವರು ತಲೆಯಾಡಿಸುತ್ತಾರೆ. ಹಾಗಾಗಿ ಪರೀಕ್ಷೆಯ ಫಲಿತಾಂಶ ಓದಿ "ಹೌದು, ಇದು ನಾನೇ" ಎಂದು ಅನ್ನಿಸಿದ ಮಾತ್ರಕ್ಕೆ ಆ ಪರೀಕ್ಷೆ ಒಳ್ಳೆಯದೆಂದು ನಂಬಬಾರದು. ಇಂತಹ ಕೂಟಗಳನ್ನು ನಡೆಸುವ ಎಲ್ಲರೂ ಮೊದಲು ಈ ಪ್ರಯೋಗದ ಕಥೆ ಹೇಳಿಯೇ ಮುಂದುವರಿಯಬೇಕು ಎಂಬುದು ನನ್ನ ಆಗ್ರಹ. ನಮ್ಮ ಸಹೋದ್ಯೋಗಿ ಹಾಗೆಯೇ ಮಾಡಿದರು.

ಜಗತ್ತಿನಲ್ಲಿ ಹೆಚ್ಚು ಹೆಸರಾದದ್ದು ಮೈಯರ್ಸ್-ಬ್ರಿಗ್ಸ್ ಪರೀಕ್ಷೆ. ಕಾರ್ಲ್ ಯುಂಗ್ 1921ರಲ್ಲಿ ಮಂಡಿಸಿದ ವ್ಯಕ್ತಿತ್ವದ ಮಾದರಿಗಳನ್ನು ಆಧರಿಸಿ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಎಂಬ ತಾಯಿ ಮಗಳು ಕಟ್ಟಿದ್ದು. ಅದು ಮನುಷ್ಯರನ್ನು 16 ಗುಂಪುಗಳಲ್ಲಿ ಕೂರಿಸುತ್ತದೆ, ಒಂದೊಂದು ಗುಂಪಿಗೂ ನಾಲ್ಕು ಇಂಗ್ಲಿಷ್ ಅಕ್ಷರಗಳ ಹೆಸರು. ಬೆಂಗಳೂರಿನ ಕಂಪನಿಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ತಮ್ಮ ನಾಲ್ಕು ಅಕ್ಷರಗಳನ್ನು ಜನ್ಮನಕ್ಷತ್ರದಷ್ಟೇ ಖಚಿತವಾಗಿ ಹೇಳುತ್ತಾರೆ. ತೊಂದರೆ ಇರುವುದು ಗೆರೆ ಎಳೆಯುವ ರೀತಿಯಲ್ಲಿ. ಅಂತರ್ಮುಖಿ, ಬಹಿರ್ಮುಖಿ ಎಂದು ಜನ ಎರಡು ರಾಶಿಯಾಗಿ ಬಿದ್ದಿಲ್ಲ. ಬಹುಪಾಲು ಮಂದಿ ನಡುವೆ ಇದ್ದಾರೆ. ನಡುವೆ ಗೆರೆ ಎಳೆದರೆ ಒಂದೆರಡು ಅಂಕಗಳ ಅಂತರವಿರುವ ಇಬ್ಬರು ಬೇರೆ ಬೇರೆ ಜಾತಿಯವರಾಗುತ್ತಾರೆ. ಅದೇ ಮನುಷ್ಯ ಕೆಲವು ವಾರಗಳ ಮೇಲೆ ಮತ್ತೆ ಬರೆದರೆ ಗೆರೆ ದಾಟಿ ಆಚೆ ಹೋಗುವುದೂ ಸಾಮಾನ್ಯ. ಈಗಾಗಲೇ ಬೇಕಾದಷ್ಟು ಗುಂಪುಗಳಿರುವ ನಮ್ಮ ಊರಿಗೆ ಇನ್ನೂ 16 ಗುಂಪುಗಳು ಬೇಡ.

ನಾವು ಬಳಸಿದ್ದು ಐದು ಗುಣಗಳ ಮಾದರಿ. ಇದರ ಹಿಂದಿನ ವಿಚಾರ ನನಗೆ ಬಹಳ ಇಷ್ಟ: ಮನುಷ್ಯರ ನಡುವಿನ ಯಾವ ವ್ಯತ್ಯಾಸಗಳು ಬದುಕಿನಲ್ಲಿ ಮುಖ್ಯವೋ ಅವನ್ನು ಜನ ಎಂದೋ ಮಾತಿಗೆ ತಂದಿರುತ್ತಾರೆ, ಆದ್ದರಿಂದ ನಿಘಂಟಿನಲ್ಲೇ ಹುಡುಕೋಣ ಎಂಬುದು. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಸ್ವಭಾವ, ನಡವಳಿಕೆಗಳನ್ನು ಹೇಳುವ ಸುಮಾರು 18,000 ಪದಗಳನ್ನು ಆರಿಸಿದರು. ನಂತರದ ದಶಕಗಳಲ್ಲಿ ಹಲವರು ಆ ಪದಗಳನ್ನು ಸೋಸಿ, ಜನರ ಉತ್ತರಗಳಲ್ಲಿ ಯಾವುವು ಒಟ್ಟೊಟ್ಟಿಗೆ ಬರುತ್ತವೆ ಎಂದು ಲೆಕ್ಕಹಾಕಿದಾಗ ಐದು ಗೊಂಚಲುಗಳು ಮತ್ತೆ ಮತ್ತೆ ಕಂಡವು. ಹೊಸತಕ್ಕೆ ತೆರೆದ ಮನಸ್ಸು, ಕೆಲಸದ ಅಚ್ಚುಕಟ್ಟು, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಆತಂಕದ ಪ್ರವೃತ್ತಿ. ಇಲ್ಲಿ ಗುಂಪುಗಳಿಲ್ಲ, ಪ್ರತಿಯೊಂದರಲ್ಲೂ ಹೆಚ್ಚು ಕಡಿಮೆ ಮಾತ್ರ. ಲೂಯಿಸ್ ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರ ಪ್ರಯತ್ನದಿಂದ ಇದರ ಪ್ರಶ್ನೆಗಳು ಯಾರು ಬೇಕಾದರೂ ದುಡ್ಡು ಕೊಡದೆ ಬಳಸುವಂತೆ ಲಭ್ಯವಿವೆ. ಒಂದೊಂದು ಗುಣಕ್ಕೆ ಹತ್ತರಂತೆ 50 ವಾಕ್ಯಗಳ ಹಾಳೆಯನ್ನು ಕನ್ನಡ, ಮಲಯಾಳ ಎರಡರಲ್ಲೂ ಮಾಡಿಕೊಂಡೆವು.

ಅಚ್ಚುಕಟ್ಟಿನ ಹತ್ತು ವಾಕ್ಯಗಳನ್ನೇ ನೋಡಿ. ನಾನು ಸದಾ ಸಿದ್ಧನಾಗಿರುತ್ತೇನೆ, ವೇಳಾಪಟ್ಟಿಯಂತೆ ನಡೆಯುತ್ತೇನೆ, ಸಣ್ಣ ವಿವರಗಳಿಗೂ ಗಮನ ಕೊಡುತ್ತೇನೆ, ನನ್ನ ಕೆಲಸದಲ್ಲಿ ಕಟ್ಟುನಿಟ್ಟು ಹೀಗೆ ಆರು. ವಸ್ತುಗಳನ್ನು ಎಲ್ಲೆಂದರಲ್ಲಿ ಬಿಡುತ್ತೇನೆ, ತೆಗೆದದ್ದನ್ನು ಅದರ ಜಾಗದಲ್ಲಿ ಇಡಲು ಮರೆಯುತ್ತೇನೆ, ಹೊಣೆಯಿಂದ ನುಣುಚಿಕೊಳ್ಳುತ್ತೇನೆ ಎಂಬಂತಹ ನಾಲ್ಕು ಉಲ್ಟಾ ವಾಕ್ಯಗಳು. ಎಲ್ಲದಕ್ಕೂ ಹೌದು ಹೌದು ಎಂದು ಗೀಚಿಕೊಂಡು ಹೋಗುವವರ ಅಂಕ ಸುಮ್ಮನೆ ಏರದಿರಲಿ ಎಂದು ಈ ವ್ಯವಸ್ಥೆ. ಪ್ರತಿ ವಾಕ್ಯಕ್ಕೆ ಐದು ಆಯ್ಕೆ. ಅಂಕ ಕೂಡಿದರೆ ಒಂದು ಗುಣಕ್ಕೆ 10ರಿಂದ 50ರ ವರೆಗೆ ಬರುತ್ತದೆ.

ಹಾಳೆಯನ್ನು ತೋರಿಸಲೇಬೇಕೆಂದಿರಲಿಲ್ಲ. ಆದರೂ ಯಕ್ಷಗಾನದ ಮಾಸ್ಟ್ರು ತಮ್ಮದನ್ನು ಮೇಜಿನ ಮೇಲಿಟ್ಟರು. ಅಚ್ಚುಕಟ್ಟಿನಲ್ಲಿ ಅವರ ಒಟ್ಟು ಅಂಕ ನಡುವಿನದು. ಆದರೆ ವಾಕ್ಯ ವಾಕ್ಯವಾಗಿ ನೋಡಿದಾಗ ಅಲ್ಲಿ ನಡುವಿನ ಉತ್ತರ ಒಂದೂ ಇರಲಿಲ್ಲ. ವೇಳಾಪಟ್ಟಿ, ವಸ್ತುಗಳ ಜಾಗ, ಮುಂಚಿನ ತಯಾರಿ, ಇವಕ್ಕೆಲ್ಲ ತೀರ ಕಡಿಮೆ. ಕೆಲಸದ ಕಟ್ಟುನಿಟ್ಟು, ವಿವರಗಳ ಗಮನ, ಹೊಣೆಗಾರಿಕೆ, ಇವಕ್ಕೆ ಕೊನೆಯ ಮನೆಯಲ್ಲಿ ಗುರುತು. ಸಂಚಾಲಕಿ ಟೀಚರ್ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮದನ್ನೂ ತೋರಿಸಿದರು. ಅಚ್ಚುಕಟ್ಟಿನ ಅಂಕ ಹೆಚ್ಚೇ ಇತ್ತು, ಅದರಲ್ಲಿ ಆಶ್ಚರ್ಯವಿಲ್ಲ. ಯಾರಿಗೂ ಗೊತ್ತಿರದಿದ್ದದ್ದು ಆತಂಕದ ಅಂಕ, ಅದೂ ಹೆಚ್ಚಿತ್ತು. "ಬರೆದದ್ದು ಕೈಯಲ್ಲಿದ್ದರೆ ಮಾತ್ರ ನನಗೆ ರಾತ್ರಿ ನಿದ್ದೆ ಬರುತ್ತದೆ ಮಾಷೇ. ನಿಮ್ಮ ಮೇಲೆ ನಂಬಿಕೆ ಇಲ್ಲದೆ ಕೇಳಿದ್ದಲ್ಲ" ಎಂದರು. ಮಾಸ್ಟ್ರು ಹೇಳಿದ್ದು ಇಷ್ಟೇ: "ನನಗೆ ಬರೆಯಲು ಕೂತರೆ ಕೈ ಓಡುವುದಿಲ್ಲ. ನಾನು ಹೇಳುತ್ತೇನೆ, ನೀವೇ ಬರೆದುಕೊಳ್ಳಿ." ಮುಂದಿನ ಕಲೋತ್ಸವಕ್ಕೆ ಹಾಗೆಯೇ ಮಾಡಿದರು. ಒಂದು ಬಿಡುವಿನ ಪೀರಿಯಡ್‌ನಲ್ಲಿ ಪಟ್ಟಿ ಸಿದ್ಧವಾಯಿತು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಅಂದು ತಾನಾಗಿ ಹೊರಬಂತು. ಅಚ್ಚುಕಟ್ಟಿನಲ್ಲಿ ಸಂಚಾಲಕಿ ಟೀಚರ್‌ಗೆ ಅತ್ಯಂತ ಹತ್ತಿರದ ಅಂಕ ಬಂದದ್ದು ಕನ್ನಡ ವಿಭಾಗದ ಗಣಿತದ ಟೀಚರ್‌ಗೆ. ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುವ ಯಕ್ಷಗಾನದ ಮಾಸ್ಟ್ರ ಜೊತೆ ಸಾಲು ಸಾಲಾಗಿ ಹೊಂದಿದ ಹಾಳೆ ಮಲಯಾಳ ವಿಭಾಗದ ಒಬ್ಬ ವಿಜ್ಞಾನದ ಮಾಷ್‌ರದು. ಅಷ್ಟು ದಿನ ಕನ್ನಡ ಮಲಯಾಳ ಎಂದು ನಾವು ಕರೆದ ಗೆರೆ ಆ ಹಾಳೆಗಳಲ್ಲಿ ಎಲ್ಲಿಯೂ ಇರಲಿಲ್ಲ. ಒಂದು ಶಾಲೆಯ ಒಂದು ಶನಿವಾರದಿಂದ ದೊಡ್ಡ ಸಿದ್ಧಾಂತ ಕಟ್ಟಲಾಗದು, ಕಟ್ಟುವುದೂ ಇಲ್ಲ. ಆದರೆ ಎರಡು ಸಾಲಾಗಿದ್ದ ಕುರ್ಚಿಗಳಲ್ಲಿ ಕೂತಿದ್ದ ನಮಗೆ ಅದನ್ನು ಕಣ್ಣಾರೆ ಕಾಣುವುದು ಬೇಕಿತ್ತು.

ಯಾಕೆ ನಾವು ಹೀಗೆ ಮಾಡುತ್ತೇವೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಹಳೆಯ ಉತ್ತರವೊಂದಿದೆ. ನಾನು ತಡವಾಗಿ ಬಂದರೆ ಬಸ್ಸು ಸಿಗಲಿಲ್ಲ, ತಲಪಾಡಿಯಲ್ಲಿ ವಾಹನಗಳ ಸಾಲು ಇತ್ತು. ನೀವು ತಡವಾಗಿ ಬಂದರೆ ನೀವು ಸೋಮಾರಿ. ತನ್ನ ನಡತೆಗೆ ಸನ್ನಿವೇಶವನ್ನೂ ಇತರರ ನಡತೆಗೆ ಅವರ ಗುಣವನ್ನೂ ಕಾರಣ ಮಾಡುವ ಈ ಪ್ರವೃತ್ತಿಯಲ್ಲಿ, ಇತರರ ಸನ್ನಿವೇಶವನ್ನು ಕಡೆಗಣಿಸಿ ಗುಣವನ್ನೇ ದೂರುವ ಭಾಗವನ್ನು ಮೂಲಭೂತ ತಪ್ಪು ಎಂದೇ 1977ರಲ್ಲಿ ಲೀ ರಾಸ್ ಕರೆದರು. ನಮ್ಮ ಗಡಿನಾಡಿನಲ್ಲಿ ಅದು ಒಂದು ಮೆಟ್ಟಿಲು ಮುಂದೆ ಹೋಗುತ್ತದೆ: ಒಬ್ಬರ ನಡತೆಗೆ ಅವರ ಗುಣ ಮಾತ್ರವಲ್ಲ, ಅವರ ಇಡೀ ಸಮುದಾಯದ ಗುಣವೇ ಕಾರಣವಾಗುತ್ತದೆ. ಪ್ರಶ್ನಾವಳಿ ಮಾಡಿದ ಉಪಕಾರವೆಂದರೆ ಸಮುದಾಯದಿಂದ ನಮ್ಮ ಗಮನವನ್ನು ಎದುರಿಗಿರುವ ಮನುಷ್ಯನ ಮೇಲೆ ತಂದದ್ದು. ಆ ಮನುಷ್ಯನಿಂದ ಸನ್ನಿವೇಶಕ್ಕೆ ಹೋಗುವ ಕೆಲಸ ಇನ್ನೂ ಬಾಕಿ ಇರುತ್ತದೆ.

ಸನ್ನಿವೇಶದ ವಿಷಯದಲ್ಲಿ ಈ ಶಾಸ್ತ್ರಕ್ಕೆ ಬಿದ್ದ ದೊಡ್ಡ ಪೆಟ್ಟು 1968ರದ್ದು. ವಾಲ್ಟರ್ ಮಿಷೆಲ್ ಎಂಬವರು ಅಂದಿನವರೆಗಿನ ಅಧ್ಯಯನಗಳನ್ನು ಜಾಲಾಡಿ, ವ್ಯಕ್ತಿತ್ವದ ಅಂಕಗಳಿಗೂ ಒಂದು ನಿರ್ದಿಷ್ಟ ಸನ್ನಿವೇಶದಲ್ಲಿ ಮನುಷ್ಯ ಮಾಡುವುದಕ್ಕೂ ಇರುವ ಸಂಬಂಧ ಅಷ್ಟು ಬಲವಾಗಿಲ್ಲ ಎಂದು ತೋರಿಸಿದರು. ವರ್ಷಗಟ್ಟಲೆ ವಾದ ನಡೆದು ಈಗ ಹೆಚ್ಚಿನವರು ಒಪ್ಪುವುದು ಇದನ್ನು: ಒಂದೇ ಒಂದು ಸಂದರ್ಭದ ನಡತೆಯನ್ನು ಅಂಕ ಅಷ್ಟಾಗಿ ಹೇಳಲಾರದು, ಹಲವು ಸಂದರ್ಭಗಳ ಒಟ್ಟು ಒಲವನ್ನು ಚೆನ್ನಾಗಿ ಹೇಳಬಲ್ಲದು. ವೇಷ, ಕುಣಿತಗಳಿಲ್ಲದೆ ಹಾಡು ಮತ್ತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದು ಅರ್ಥವಾಗಬೇಕು. ಇವತ್ತು ಕೃಷ್ಣನ ಅರ್ಥ ಹೇಳಿದ ಅರ್ಥಧಾರಿಯೇ ನಾಳೆ ಕೌರವನ ಪರವಾಗಿ ವಾದಿಸುತ್ತಾನೆ. ಪಾತ್ರ ಬದಲಾದಂತೆ ಮಾತಿನ ಪಕ್ಷ ಬದಲಾಗುತ್ತದೆ. ಆದರೂ ಕಣ್ಣು ಮುಚ್ಚಿ ಕೂತ ಪ್ರೇಕ್ಷಕ, ಎರಡು ವಾಕ್ಯ ಕೇಳುವಷ್ಟರಲ್ಲಿ, ಇಂತಹವರೇ ಎಂದು ಗುರುತಿಸುತ್ತಾನೆ. ಪ್ರಶ್ನಾವಳಿ ಹಿಡಿಯಲು ನೋಡುವುದು ಆ ಗುರುತನ್ನು. ಪ್ರಸಂಗ ಯಾವುದು, ಎದುರಾಳಿ ಯಾರು ಎಂಬುದನ್ನು ಅದು ಹೇಳುವುದಿಲ್ಲ.

ತನ್ನನ್ನು ತಾನು ತಿಳಿಯುವುದಕ್ಕೆ ತಾನೇ ತುಂಬಿದ ಹಾಳೆ ಸಾಕೇ? ಸಾಲದು. ಸಿಮೀನ್ ವಜೀರ್ ಎಂಬ ಸಂಶೋಧಕಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸೊಗಸಾಗಿ ವಿಂಗಡಿಸಿದೆ. ಆತಂಕದಂತಹ ಒಳಗಿನ ಗುಣಗಳನ್ನು ನಾವೇ ಚೆನ್ನಾಗಿ ಬಲ್ಲೆವು; ಬುದ್ಧಿ, ಸೃಜನಶೀಲತೆಯಂತಹ, ಹೆಚ್ಚು ಇದ್ದರೆ ಒಳ್ಳೆಯದೆಂದು ಎಲ್ಲರೂ ಬಯಸುವ ಗುಣಗಳಲ್ಲಿ ಗೆಳೆಯರ ಅಂದಾಜು ನಮ್ಮದಕ್ಕಿಂತ ಸರಿಯಾಗಿರುತ್ತದೆ; ಮಾತುಗಾರಿಕೆಯಂತಹ ಹೊರಗೆ ಕಾಣುವ ಗುಣಗಳಲ್ಲಿ ಇಬ್ಬರೂ ಸಮ. ಹಾಗಾಗಿ ಎರಡನೆಯ ಸಲ ಸೇರಿದಾಗ, ಒಪ್ಪಿದವರ ಕುರಿತು ಅವರೇ ಆರಿಸಿದ ಇಬ್ಬರು ಸಹೋದ್ಯೋಗಿಗಳೂ ಹಾಳೆ ತುಂಬಿದರು. ನನ್ನದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಹೊಂದಿಕೊಳ್ಳುವ ಗುಣದಲ್ಲಿ ನಾನು ನನಗೆ ಕೊಟ್ಟುಕೊಂಡ ಅಂಕಕ್ಕಿಂತ ಅವರಿಬ್ಬರೂ ಕೊಟ್ಟದ್ದು ಬಹಳ ಹೆಚ್ಚು. ಕೇಳಿದಾಗ, "ಸ್ಟಾಫ್ ಮೀಟಿಂಗಿನಲ್ಲಿ ನೀವು ಯಾವುದಕ್ಕೂ ಬೇಡವೆಂದದ್ದೇ ಇಲ್ಲವಲ್ಲ" ಎಂದರು. ನಾನು ಸುಮ್ಮನಿರುವುದು ಯೋಚಿಸಲು. ಹೊರಗಿನಿಂದ ಅದು ಸಮ್ಮತಿಯಂತೆ ಕಾಣುತ್ತದೆ ಎಂದು ನನ್ನ ಹಾಳೆಯೊಂದನ್ನೇ ಎಷ್ಟು ಸಲ ಓದಿದರೂ ತಿಳಿಯುತ್ತಿರಲಿಲ್ಲ. ಈಗ ಸಭೆ ಮುಗಿಯುವ ಮೊದಲು, ಈ ವಿಷಯದಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಕಾರಣ ನಾಳೆ ತಿಳಿಸುತ್ತೇನೆ ಎಂದು ಹೇಳಿಬಿಡುತ್ತೇನೆ. ಸಣ್ಣ ಮಾತು, ಆದರೆ ತೀರ್ಮಾನವಾದ ಮೇಲೆ ಹಿಂದಿನಿಂದ ಅಸಮಾಧಾನ ಹೊಗೆಯಾಡುವುದು ಇದರಿಂದ ತಪ್ಪಿದೆ.

ಜಗಳವನ್ನು ಎದುರಿಸುವ ರೀತಿಗೇ ಮೀಸಲಾದ ಪ್ರಶ್ನಾವಳಿಯೂ ಇದೆ. ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ 1974ರಲ್ಲಿ ರೂಪಿಸಿದ್ದು. ಪಟ್ಟು ಹಿಡಿಯುವುದು, ಬಿಟ್ಟುಕೊಡುವುದು, ತಪ್ಪಿಸಿಕೊಳ್ಳುವುದು, ಅರ್ಧರ್ಧಕ್ಕೆ ಒಪ್ಪುವುದು, ಇಬ್ಬರಿಗೂ ಆಗುವ ದಾರಿ ಹುಡುಕುವುದು ಎಂಬ ಐದು ರೀತಿಗಳಲ್ಲಿ ನಮ್ಮ ಕೈ ಮೊದಲು ಯಾವುದಕ್ಕೆ ಹೋಗುತ್ತದೆ ಎಂದು ಅದು ತೋರಿಸುತ್ತದೆ. ಐದರಲ್ಲಿ ಯಾವುದೂ ಕೆಟ್ಟದ್ದಲ್ಲ, ಪ್ರತಿಯೊಂದಕ್ಕೂ ಅದರದರ ಹೊತ್ತಿದೆ ಎನ್ನುವುದು ಅದರ ಒಳ್ಳೆಯತನ.

ಇನ್ನು ಎಲ್ಲಿ ಇದನ್ನು ಬಳಸಬಾರದು ಎಂಬುದು. ಇದರ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ.

ಅಂಕಗಳ ಪ್ರತಿ ಕೊಟ್ಟರೆ ಕೆಲಸ ಹಂಚಲು ಅನುಕೂಲ ಎಂದು ಆಡಳಿತದ ಕಡೆಯಿಂದ ಒಂದು ಸೂಚನೆ ಬಂತು. ಮಧ್ಯಾಹ್ನದ ಊಟದ ಲೆಕ್ಕ, ಹಾಜರಿ, ಪರೀಕ್ಷೆಯ ದಾಖಲೆ, ಇವನ್ನೆಲ್ಲ ಅಚ್ಚುಕಟ್ಟಿನ ಅಂಕ ಹೆಚ್ಚಿರುವವರಿಗೆ ಕೊಡಬಹುದಲ್ಲ ಎಂದು. ನಾವು ಕೊಡಲಿಲ್ಲ. ಕಾರಣ ಸರಳ. ಅಂಕಕ್ಕೆ ಲಾಭ ನಷ್ಟ ಅಂಟಿಕೊಂಡ ಕ್ಷಣದಿಂದ ಯಾರೂ ನಿಜ ಬರೆಯುವುದಿಲ್ಲ. ವಸ್ತುಗಳನ್ನು ಎಲ್ಲೆಂದರಲ್ಲಿ ಬಿಡುತ್ತೀರಾ ಎಂಬ ಪ್ರಶ್ನೆಗೆ ಬೇಕಾದ ಉತ್ತರ ಏನೆಂದು ಎಲ್ಲರಿಗೂ ಗೊತ್ತು. ಪ್ರಾಮಾಣಿಕವಾಗಿ ಬರೆದವರಿಗೆ ಹೆಚ್ಚಿನ ರಿಜಿಸ್ಟರುಗಳ ಹೊರೆ ಸಿಗುವುದಾದರೆ ಅದು ಅವರಿಗೆ ಕೊಡುವ ಶಿಕ್ಷೆಯೇ ಆಗುತ್ತದೆ. ಮೈಯರ್ಸ್-ಬ್ರಿಗ್ಸ್ ಪರೀಕ್ಷೆಯನ್ನು ಕೆಲಸಕ್ಕೆ ಆಯ್ಕೆ ಮಾಡಲು ಬಳಸಬಾರದು ಎಂದು ಅದನ್ನು ಪ್ರಕಟಿಸುವವರೇ ಹೇಳುತ್ತಾರೆ. ಹಾಳೆ ತುಂಬಿದವರ ಹಾಳೆ ಅವರ ಕೈಯಲ್ಲೇ ಉಳಿಯಬೇಕು, ಬೇಕಾದರೆ ಹರಿದು ಹಾಕುವ ಸ್ವಾತಂತ್ರ್ಯವೂ ಅವರದ್ದೇ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಕಾಸರಗೋಡಿನ ಕನ್ನಡಿಗರ ಎಲ್ಲ ದೂರುಗಳೂ ಸ್ವಭಾವದ ಗೊಂದಲಗಳಲ್ಲ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ಅಧ್ಯಾಪಕರಾಗಿ ನೇಮಿಸಿದಾಗ ಮಕ್ಕಳು, ತಂದೆತಾಯಿಗಳು ಬೀದಿಗಿಳಿದು ಪ್ರತಿಭಟಿಸಿದ್ದಾರೆ. ಅದು ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಪ್ರಶ್ನೆ. ಅಲ್ಲಿ ಯಾರಾದರೂ ಬಂದು, ನೀವು ಹೊಂದಿಕೊಳ್ಳುವ ಗುಣವನ್ನು ಸ್ವಲ್ಪ ಬೆಳೆಸಿಕೊಳ್ಳಿ ಎಂದು ಪ್ರಶ್ನಾವಳಿ ಹಿಡಿದರೆ ನಾನು ಅದನ್ನು ಮುಟ್ಟುವುದಿಲ್ಲ. ಪರೀಕ್ಷಾ ಕರ್ತವ್ಯವನ್ನು ಅನ್ಯಾಯವಾಗಿ ಹಂಚಿದರೆ, ದಿನಗೂಲಿ ಅಧ್ಯಾಪಕರ ವೇತನ ತಡವಾದರೆ ಹುಟ್ಟುವ ಸಿಟ್ಟಿಗೂ ಯಾರ ಸ್ವಭಾವವೂ ಹೊಣೆಯಲ್ಲ. ಹಂಚುವವರು ಸರಿಯಾಗಿ ಹಂಚಬೇಕು, ಕೊಡುವವರು ಹೊತ್ತಿಗೆ ಕೊಡಬೇಕು. ವಾಟ್ಸಾಪಿನ ಮುನಿಸನ್ನು ಹಕ್ಕಿನ ಹೋರಾಟವೆಂದು ಭಾವಿಸಿದರೆ ನಿಜವಾದ ಹೋರಾಟದ ದಿನ ನಮ್ಮ ಮಾತಿಗೆ ತೂಕ ಉಳಿಯುವುದಿಲ್ಲ ಎಂಬುದೇ ನನಗೆ ಹೆಚ್ಚಿನ ಚಿಂತೆ. ಎರಡನ್ನೂ ಬೇರೆ ಬೇರೆಯಾಗಿ ನೋಡಲು ಕಲಿಯುವುದರಿಂದ ಕನ್ನಡದ ಪಕ್ಷ ಗಟ್ಟಿಯಾಗುತ್ತದೆ ಎಂದೇ ನಾನು ನಂಬಿದ್ದೇನೆ.

ನಮ್ಮ ಸ್ಟಾಫ್ ರೂಮಿನಲ್ಲಿ ಈಗಲೂ ಕೆಲವರು ಹಾಳೆ ತುಂಬಿಲ್ಲ. ಅವರನ್ನು ಯಾರೂ ಒತ್ತಾಯಿಸಿಲ್ಲ. ತುಂಬದವರ ಬಗ್ಗೆ ಏನನ್ನೂ ಊಹಿಸಬಾರದೆಂದು ಮೊದಲ ದಿನವೇ ಮಾತಾಗಿದೆ. ಜೂನ್‌ನಲ್ಲಿ ಶಾಲೆ ತೆರೆದಾಗ ತೆಂಕಣ ಜಿಲ್ಲೆಗಳಿಂದ ಒಂದಿಬ್ಬರು ಹೊಸಬರು ಬರುವವರಿದ್ದಾರೆ. ಬಂದ ವಾರದಲ್ಲೇ ಅವರ ಕೈಗೆ ಪ್ರಶ್ನಾವಳಿ ಕೊಡುವುದು ಬೇಡ ಎಂದು ನಮ್ಮ ಮನಶ್ಶಾಸ್ತ್ರದ ಸಹೋದ್ಯೋಗಿ ಹೇಳಿದ್ದಾರೆ, ನನಗೂ ಅದು ಸರಿ ಕಂಡಿದೆ. ಹೊಸ ಊರು, ಬಾಡಿಗೆ ಮನೆ, ಅರ್ಥವಾಗದ ತುಳು. ಆ ಹೊತ್ತಿನಲ್ಲಿ ಯಾರು ಬರೆದರೂ ಆತಂಕದ ಅಂಕ ಏರಿಯೇ ಏರುತ್ತದೆ. ಓಣಂ ಪರೀಕ್ಷೆ ಮುಗಿಯಲಿ, ಅವರಿಗೆ ನಾವು ಸ್ವಲ್ಪ ಗೊತ್ತಾಗಲಿ. ಆಮೇಲೆ ಒಂದು ಶನಿವಾರ ಕೇಳೋಣ, ಇಷ್ಟವಿದ್ದರೆ ಬನ್ನಿ ಎಂದು.